ಇಳಕಲ್ಲಿನ ಸೀರೆಯ ಪುಟವನ್ನು ಯಾರು ನೋಡಿದರು?

ಈ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ ನನಗೆ ನಲವತ್ತೂ ಆಗಿರಲಿಲ್ಲ. ಅದನ್ನು ನಿವೃತ್ತಿ ಎನ್ನಬಹುದೇ ಎಂದು ನೀವು ಆಕ್ಷೇಪ ಎತ್ತಬಹುದು. ಎತ್ತಿ, ನನಗೆ ಆಕ್ಷೇಪಗಳೆಂದರೆ ಇಷ್ಟ. ನಾನು ಕಲಿತದ್ದೆಲ್ಲ ನನ್ನ ಕಣ್ಣೆದುರೇ ಹಳೆಯದಾಗಿ ಕಸಕ್ಕೆ ಹೋಯಿತು. ಹೊಸದನ್ನು ಕಲಿಯುವ ಹುಮ್ಮಸ್ಸು ಇಲ್ಲದವಳು ಕುರ್ಚಿ ಹಿಡಿದುಕೊಂಡು ಕೂತಿದ್ದರೆ ಅದಕ್ಕೆ ಬೇರೆ ಹೆಸರಿದೆ, ಆ ಹೆಸರು ನನಗೆ ಬೇಡವಾಗಿತ್ತು. ಅಷ್ಟೇ.

ಒಂದು ವೆಬ್‌ಸೈಟಿಗೆ ಯಾರು ಬಂದರು, ಎಲ್ಲಿಂದ ಬಂದರು, ಯಾವ ಪುಟ ತೆರೆದರು, ಎಷ್ಟು ಹೊತ್ತು ನಿಂತರು ಎಂದು ಎಣಿಸುವ ವ್ಯವಸ್ಥೆಯನ್ನು ಕೂರಿಸಿಕೊಡುವುದು ನನ್ನ ಕೆಲಸವಾಗಿತ್ತು. ಊರು ಬಾಗಲಕೋಟೆ. ಈಗ ಇದೇ ಕೆಲಸಕ್ಕೆ ಸೇರುವ ಮಕ್ಕಳು ಫೋನ್ ಮಾಡಿ, "ಹೊಸ ಅಕೌಂಟು ಸಿಕ್ಕೈತಿ ಅಕ್ಕಾ, ಮದಲ ಏನು ಮಾಡ್ಲಿ?" ಎಂದು ಕೇಳುತ್ತಾರೆ. ಅಕೌಂಟು ಎಂದರೆ ಒಬ್ಬ ಗಿರಾಕಿಯ ಎಣಿಕೆಯ ಕೆಲಸ. ಕೋಡನ್ನು ಎಲ್ಲಿ ಅಂಟಿಸಬೇಕು ಎಂಬುದಕ್ಕೆ ಉತ್ತರ ಅವರ ಪರದೆಯ ಮೇಲೇ ಇರುತ್ತದೆ, ಅದಕ್ಕೆ ನಾನು ಬೇಕಿಲ್ಲ. ಆ ಎಣಿಕೆ ಯಾರದೋ ಹೊಟ್ಟೆಯ ಮೇಲೆ ಬಂದು ಕೂತಾಗ ಏನಾಗುತ್ತದೆ ಎಂಬುದನ್ನು ಮಾತ್ರ ಯಾವ ಪರದೆಯೂ ಹೇಳುವುದಿಲ್ಲ. ಅದನ್ನು ಬರೆಯುತ್ತೇನೆ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡಕ್ಕೂ ನನ್ನ ಹತ್ತಿರ ಸರಕಿತ್ತು. ಯಾವ ಮಾತು ಕಿವಿಗೆ ಬಿದ್ದರೂ ಬಾಯಿ ತಾನಾಗಿ "ಇದಕ್ಕೆ ಆಧಾರವೇನು?" ಎನ್ನುತ್ತಿತ್ತು. "ಇಕಿನ್ನ ನೋಡಾಕ ಬರೋ ವರ ಮದಲ ವಕೀಲರನ್ನ ಭೆಟ್ಟಿ ಆಗಿ ಬರಬೇಕು" ಎನ್ನುತ್ತಿದ್ದಳು ನಮ್ಮವ್ವ. ಬಾಗಲಕೋಟೆಯ ನವನಗರದಲ್ಲಿ ಒಂದು ಮಹಡಿಯ ಮೇಲೆ ಗುರುಪಾದ ಸರ್ ಎಂಬವರು ಕಂಪ್ಯೂಟರ್ ಕಚೇರಿ ನಡೆಸುತ್ತಿದ್ದರು. ಹಳೇ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಅಂಗಡಿ ಕಳೆದುಕೊಂಡು ಬಂದವರು, ಹೊಸ ಊರಿಗೆ ಹೊಸ ಧಂದೆ ಎಂದು ಇದನ್ನು ಹಿಡಿದಿದ್ದರು. ನನ್ನನ್ನು ಸೇರಿಸಿಕೊಳ್ಳುವಾಗ ಅವರು ಹಾಕಿದ ಷರತ್ತು ಒಂದೇ: "ಶೋಭಾ, ನಿನ್ನ ತಲಿ ನನಗ ಬೇಕು. ಬಾಯಿ ಮಾತ್ರ ಗಿರಾಕಿ ಮುಂದ ಬಿಚ್ಚಬ್ಯಾಡ."

ಆಗ ಎಣಿಕೆ ಎಂದರೆ ಪುಟದ ಬುಡದಲ್ಲಿ ಓಡುವ ಅಂಕಿಗಳು, ಗಾಡಿಯ ಮೀಟರಿನ ಹಾಗೆ. ಯಾರು ಬಂದರೂ ಒಂದು ಏರುತ್ತಿತ್ತು. ನಮ್ಮ ಮೊದಲ ಗಿರಾಕಿ, ಬಾಗಲಕೋಟೆಯ ಒಬ್ಬ ಕಾಳಿನ ವ್ಯಾಪಾರಿ, ಅದನ್ನು ನೋಡಿ ಮುಖ ಕಿವುಚಿದರು. "ಸೊನ್ನಿಯಿಂದ ಶುರು ಮಾಡ್ತಾರೇನ್ರಿ? ಮದವಿ ಆಹೇರಿ ರೊಕ್ಕಕ್ಕೂ ಮ್ಯಾಲೊಂದು ರೂಪಾಯಿ ಇಡ್ತೀವಿ ನಾವು." ಯಾರೂ ಬರದೇ ಇರುವಾಗ ಸೊನ್ನೆಯೇ ಸತ್ಯ ಎಂದು ನಾನು ವಾದಿಸಿದೆ. ಗುರುಪಾದ ಸರ್ ನನ್ನ ಕಾಲು ತುಳಿದರು. ಆ ಸೈಟು ಸಾವಿರದ ಒಂದರಿಂದ ಶುರುವಾಯಿತು, ನೋಡಿದವರೆಲ್ಲ "ಭಾಳ ಮಂದಿ ಬರ್ತಾರಲ್ಲ!" ಎಂದರು. ಎಣಿಕೆಗೂ ಸತ್ಯಕ್ಕೂ ಇರುವ ನಂಟಿನ ಬಗ್ಗೆ ನನ್ನ ಅನುಮಾನ ಹುಟ್ಟಿದ್ದು ಅಲ್ಲಿ.

ಎರಡು ಸಾವಿರದ ದಶಕದ ನಡುವಿಗೆ ಬರುವಾಗ ಹೊಸ ಪದ್ಧತಿ ಬಂತು. ಕಣ್ಣಿಗೆ ಕಾಣದ ಒಂದು ತುಂಡು ಕೋಡನ್ನು ಪ್ರತಿ ಪುಟದ ಕೆಳಗೆ ಅಂಟಿಸಿದರೆ ಸಾಕು. ಯಾರೋ ಪುಟ ತೆರೆದರು ಎಂದರೆ ಎಲ್ಲೋ ದೂರದ ಯಂತ್ರಕ್ಕೆ ಸುದ್ದಿ ಹೋಗಿ, ಮರುದಿನ ನಮಗೆ ಬಣ್ಣದ ನಕ್ಷೆಯಾಗಿ ಬರುತ್ತಿತ್ತು. ಬಾದಾಮಿಯ ಒಂದು ಲಾಡ್ಜಿಗೆ ಅದನ್ನು ಕೂರಿಸಿದೆವು. ನಕ್ಷೆ ನೋಡಿದ ಮಾಲಕರಿಗೆ ಆಶ್ಚರ್ಯ: ಜನ ಬರುವುದೆಲ್ಲ ನಡುರಾತ್ರಿ! ಫಾರಿನ್ ಮಂದಿಯೇ ಇರಬೇಕು, ಫೋನ್ ಮಾಡಿದರೆ ಎತ್ತಬೇಕು ಎಂದು ಮ್ಯಾನೇಜರನನ್ನು ರಾತ್ರಿಯಿಡೀ ಫೋನಿನ ಮುಂದೆ ಕೂರಿಸಿದರು. ಆ ಬಡಪಾಯಿ ಹಗಲಿಗೆ ಕೌಂಟರಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ, ಎದುರಿಗೆ ರೂಮು ಕೇಳಲು ಬಂದವರು ಬೇರೆ ಲಾಡ್ಜಿಗೆ ಹೋಗುತ್ತಿದ್ದರು. ನಾನು ಮಧ್ಯಾಹ್ನ ಊಟವಾದ ಮೇಲೆ ಬೇಕೆಂದೇ ಒಮ್ಮೆ ಆ ಸೈಟು ತೆರೆದೆ. ಮರುದಿನದ ನಕ್ಷೆಯಲ್ಲಿ ನಾನು ನಡುರಾತ್ರಿಗೆ ಬಂದಿದ್ದೆ. ಅಕೌಂಟು ತೆರೆಯುವಾಗ ಗುರುಪಾದ ಸರ್ ಗಡಿಯಾರದ ಆಯ್ಕೆಯನ್ನು ಮುಟ್ಟದೇ ಬಿಟ್ಟಿದ್ದರು. ಅದು ಅಮೆರಿಕದ ಪಶ್ಚಿಮ ಕರಾವಳಿಯ ಹೊತ್ತಿನಲ್ಲಿ ಓಡುತ್ತಿತ್ತು, ನಮ್ಮ ಮಧ್ಯಾಹ್ನ ಅಲ್ಲಿ ನಡುರಾತ್ರಿ. ಸರಿಪಡಿಸಿ ಹೇಳಿದಾಗ ಮ್ಯಾನೇಜರ ಕೆಂಪು ಕಣ್ಣು ಉಜ್ಜಿಕೊಂಡು, "ಮೇಡಂ, ನಿಮ್ಮ ಕಂಪ್ಯೂಟರ್ ಮಲಗೂದು ಯಾವಾಗ? ಹೇಳ್ರಿ, ನಾನೂ ಆವಾಗ ಮಲಗ್ತೇನಿ" ಎಂದ. ಹೊಸ ಅಕೌಂಟು ಸಿಕ್ಕವರು ಮೊದಲು ಗಡಿಯಾರ ನೋಡಿ. ಆಮೇಲೆ ನೀವೇ ಒಮ್ಮೆ ಗಿರಾಕಿಯಾಗಿ ಬಂದು ನೋಡಿ.

ಇವು ನಗುವ ಕಥೆಗಳು. ಇಳಕಲ್ಲಿನದು ಹಾಗಲ್ಲ.

ಇಳಕಲ್ಲಿನ ಸೀರೆ ಅಂಗಡಿಕಾರರ ಒಂದು ಸಂಘ ಸೈಟು ಮಾಡಿಸಿತ್ತು. ಒಂದೊಂದು ಸೀರೆಗೆ ಒಂದೊಂದು ಪುಟ. ಮೊದಲ ಪುಟದಲ್ಲಿ ಪವರ್‌ಲೂಮಿನಲ್ಲಿ ನೇಯ್ದ ಥಳಥಳಿಸುವ ಕೆಂಪು ಸೀರೆ. ತೀರ ಕೊನೆಯ ಪುಟದಲ್ಲಿ ಕೈಮಗ್ಗದ ಸೀರೆ: ಒಡಲಿನ ಹಾಸು, ಅಂದರೆ ಉದ್ದದ ನೂಲು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡರ ಎಳೆಎಳೆಯನ್ನೂ ಕೊಂಡಿ ಹಾಕಿ ಸೇರಿಸಿ ನೇಯುವಂಥದ್ದು. ಆ ಕೊಂಡಿ ಹಾಕುವುದು ಯಂತ್ರಕ್ಕೆ ಬರುವುದಿಲ್ಲ. ಅದನ್ನು ನೇಯುವ ಕೆಲವೇ ಮನೆಗಳಿಗೆ ಸಂಘವೇ ನೂಲು ಕೊಟ್ಟು ಸೀರೆ ತಿರುಗಿ ಪಡೆಯುತ್ತಿತ್ತು. ಸಂಘದ ಅಧ್ಯಕ್ಷರು ಈರಣ್ಣ ಸಾಹುಕಾರರು. ನನಗೆ ಕೆಲಸ ಒಪ್ಪಿಸುವಾಗಲೇ ಸ್ಪಷ್ಟವಾಗಿ ಹೇಳಿದರು: "ನೋಡು ತಂಗಿ, ಮಂದಿ ಯಾವ ಸೀರಿ ನೋಡ್ತಾರ, ಯಾವುದು ನೋಡಂಗಿಲ್ಲ, ಅದು ನಮಗ ಗೊತ್ತಾಗಬೇಕು. ಯಾರೂ ನೋಡದ ಸೀರಿಗೆ ಮುಂದಿನ ಹಂಗಾಮಿಗೆ ನೂಲು ಬಂದ್. ಸಂಘದ ಸಭಾದಾಗ ನೀನ ಬಂದು ಲೆಕ್ಕ ಹೇಳಬೇಕು."

ಅದೇ ದಿನ ಸಂಘದ ಕಟ್ಟೆಯ ಮೇಲೆ ಮಹಾದೇವಿ ಸಿಕ್ಕಳು. ಕೊನೆಯ ಪುಟದ ಸೀರೆ ಅವಳ ಮಗ್ಗದ್ದೇ. ನೇಯ್ದ ಸೀರೆ ಒಪ್ಪಿಸಲು ಬಂದವಳು, ನನ್ನ ಜೋಳಿಗೆಯಂಥ ಕಂಪ್ಯೂಟರ್ ಚೀಲವನ್ನು ನೋಡಿ ನಿಂತಳು.

"ನೀನಾ ಎಣಿಸಾಕಿ?"

"ನಾ ಅಲ್ಲ. ಕಂಪ್ಯೂಟರ್ ಎಣಿಸ್ತೈತಿ."

"ಅದಕ್ಕ ಮಗ್ಗದ ಸೀರಿ ಯಾವುದು, ಮಶಿನ್ನಿನ ಸೀರಿ ಯಾವುದು ಗೊತ್ತಾಗ್ತೈತೇನು?"

"ಇಲ್ಲ. ಯಾರಾರ ಬಂದು ಪುಟ ತಗದ್ರ, ತಗದ್ರು ಅಂತ ಅಷ್ಟ ಗೊತ್ತಾಗ್ತೈತಿ."

"ಯಾರ ತಗದ್ರೂ ನಡೀತೈತಿ?"

"ಯಾರ ತಗದ್ರೂ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೂಲು ನಿಂತ್ರ ಕಾಲಿಳಿಸಿ ಕುಂಡ್ರೂ ಮಗ್ಗದ ತೆಗ್ಗಿಗೆ ಮಣ್ಣು ತುಂಬಿ ನಾ ಪವರ್‌ಲೂಮ್ ಶೆಡ್ಡಿಗೆ ಕೂಲಿ ಹೋಗಬೇಕು. ಅದನ್ನೂ ಎಣಿಸ್ತೈತೇನು ಕೇಳಿ ನೋಡವಾ ನಿನ್ನ ಕಂಪ್ಯೂಟರಿಗೆ."

ಲಾಡ್ಜಿನ ಗಡಿಯಾರ ತಪ್ಪಿದರೆ ಒಬ್ಬ ಮ್ಯಾನೇಜರ ನಿದ್ದೆಗೆಡುತ್ತಾನೆ. ಇಲ್ಲಿ ತಪ್ಪಿದರೆ? ಗಡಿಯಾರವನ್ನು ಮತ್ತೆ ಮತ್ತೆ ನೋಡಿದೆ. ಪ್ರತಿ ಪುಟದ ಬುಡದಲ್ಲಿ ಕೋಡು ಇದೆಯೇ ಎಂದು ತೆರೆದು ತೆರೆದು ನೋಡಿದೆ. ಬಸ್ಸಿನಲ್ಲಿ ಹುನಗುಂದ ದಾಟುವಾಗ ಕೊನೆಯ ಪುಟದಲ್ಲಿ ಅಂಟಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದು, ಇಳಿದು ಅಲ್ಲಿನ ಕೆಫೆಯಲ್ಲಿ ಪರೀಕ್ಷಿಸಿ ಮುಂದಿನ ಬಸ್ಸು ಹಿಡಿದದ್ದೂ ಉಂಟು.

ಮೊದಲ ವರದಿ ಬಂದಾಗ ಸಂಘದಲ್ಲಿ ಪೇಡಾ ಹಂಚಿದರು. ಕೆಂಪು ಸೀರೆಯ ಪುಟಕ್ಕೆ ಜನ ಮುಗಿಬಿದ್ದಿದ್ದರು. ಮೇಲಾಗಿ ಎಲ್ಲಿಂದ ಬಂದರು ಎಂಬ ಕಾಲಮ್ಮಿನಲ್ಲಿ ಉದ್ದಕ್ಕೂ ಬೆಂಗಳೂರು, ಬೆಂಗಳೂರು, ಬೆಂಗಳೂರು! "ರಾಜಧಾನಿ ಮಂದಿ ನಮ್ಮ ಸೀರಿ ನೋಡಾಕತ್ತಾರ" ಎಂದು ಈರಣ್ಣನವರು ಗುರುಪಾದ ಸರ್‌ಗೆ ಶಾಲು ಹೊದಿಸಿದರು. ಮಹಾದೇವಿಯ ಪುಟದಲ್ಲಿ ನೊಣವೂ ಹಾರಿರಲಿಲ್ಲ.

ಪೇಡಾ ತಿನ್ನುತ್ತಲೇ ನನಗೆ ಅನುಮಾನ ಬಂತು. ಇಷ್ಟು ಜನ ಬೆಂಗಳೂರಿನಿಂದ ನೋಡುತ್ತಿದ್ದರೆ ಒಬ್ಬರಾದರೂ ಫೋನ್ ಮಾಡಿ ಬಣ್ಣ ಕೇಳಬೇಡವೇ? ನಕ್ಷೆಯನ್ನು ಗಂಟೆ ಗಂಟೆಗೆ ಬಿಡಿಸಿ ನೋಡಿದೆ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಒಂದು ಗುಡ್ಡ. ಮಧ್ಯಾಹ್ನ ಒಂದು ಹೊತ್ತು ಪಾತಾಳ, ದಿನವೂ ಅದೇ ಹೊತ್ತಿಗೆ. ಆ ಹೊತ್ತು ನನಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಆವಾಗ ಇಳಕಲ್ಲಿನ ಸಂಘದಲ್ಲಿ ಕೂತು ನಾನೂ ಬೀಸಣಿಕೆಯಿಂದ ಗಾಳಿ ಹಾಕಿಕೊಂಡವಳೇ. ಲೋಡ್‌ಶೆಡ್ಡಿಂಗು! ಬೆಂಗಳೂರಿಗೂ ಇಳಕಲ್ಲಿಗೂ ದಿನಾ ಒಂದೇ ಹೊತ್ತಿಗೆ ಕರೆಂಟು ಹೋಗುತ್ತದೆಯೇ? ವಿಚಾರಿಸಿದಾಗ ತಿಳಿಯಿತು: ನಮ್ಮ ಜಿಲ್ಲೆಯ ಇಂಟರ್ನೆಟ್ ಸಂಪರ್ಕಗಳೆಲ್ಲ ಬೆಂಗಳೂರಿನ ಮೂಲಕ ಹಾದುಹೋಗುತ್ತಿದ್ದವು. ಎಣಿಸುವ ಯಂತ್ರದ ಕಣ್ಣಿಗೆ ಬಾದಾಮಿಯವರೂ ಬೆಂಗಳೂರಿನವರೇ, ಇಳಕಲ್ಲಿನವರೂ ಬೆಂಗಳೂರಿನವರೇ.

ಈರಣ್ಣನವರನ್ನು ಕೇಳಿದೆ: "ಮುಂಜಾನಿ ಅಂಗಡಿ ತಗದ ಮ್ಯಾಲೆ ಮದಲ ಏನು ಮಾಡ್ತೀರ್ರಿ?"

"ಏನು ಮಾಡ್ತೀವಿ? ಕಸ ಹೊಡಸ್ತೀವಿ, ಊದಿನಕಡ್ಡಿ ಹಚ್ತೀವಿ, ರೊಕ್ಕದ ಗಲ್ಲೇಕ್ಕ ಕೈ ಮುಗೀತೀವಿ. ಆಮ್ಯಾಲೆ ಕಂಪ್ಯೂಟರ್ ಚಾಲೂ ಮಾಡಿ ಮದಲನೇ ಸೀರಿ ನೋಡ್ತೀವಿ. ಬೋಣಿ ಅದು."

ದಿನದ ಮೊದಲ ವ್ಯಾಪಾರಕ್ಕೆ ನಮ್ಮಲ್ಲಿ ಬೋಣಿ ಎನ್ನುತ್ತಾರೆ. ಅದು ಕೈಗೂಡಿದರೆ ದಿನ ಒಳ್ಳೆಯದು. ಪರದೆಯ ಮೇಲಂಚಿಗೆ ಮೂರು ಬೆರಳಿನ ವಿಭೂತಿ ಎಳೆದಿದ್ದು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಸಂಘದ ಪ್ರತಿ ಅಂಗಡಿಯಲ್ಲೂ ಇದೇ ಪದ್ಧತಿ. ಬೋಣಿಗೆ ಒಮ್ಮೆ, ಗಿರಾಕಿ ಇಲ್ಲದೆ ಬೇಸರವಾದಾಗೊಮ್ಮೆ, ಬೀಗರು ಬಂದರೆ ಅವರಿಗೆ ತೋರಿಸಲು ಇನ್ನೊಮ್ಮೆ. ಎಲ್ಲರೂ ತೆರೆಯುತ್ತಿದ್ದುದು ಮೊದಲ ಪುಟ. ಹೀಗೆ ಇಡೀ ಪೇಟೆ ತನ್ನ ಸೀರೆಯನ್ನು ತಾನೇ ನೋಡಿಕೊಂಡು, ಬೆಂಗಳೂರು ನೋಡುತ್ತಿದೆ ಎಂದು ಪೇಡಾ ತಿನ್ನುತ್ತಿತ್ತು.

ಕಚೇರಿಗೆ ಬಂದು ಗುರುಪಾದ ಸರ್ ಮುಂದೆ ವಿಷಯ ಇಟ್ಟೆ. ಅವರು ಶಾಲನ್ನು ಮಡಿಸಿ ಕಪಾಟಿನಲ್ಲಿಡುತ್ತಿದ್ದರು.

"ಗಿರಾಕಿ ಖುಷಿ ಅದಾನ. ನೀ ಯಾಕ ಬೆಂಕಿ ಹಚ್ತೀ?"

"ಲೆಕ್ಕ ಸುಳ್ಳೈತ್ರಿ ಸರ್."

"ಸುಳ್ಳು ಹೆಂಗ? ಪುಟ ತಗದಿದ್ದು ಖರೆ. ಕೋಡು ಎಣಿಸಿದ್ದು ಖರೆ. ಇದರಾಗ ಸುಳ್ಳು ಎಲ್ಲೈತಿ, ತೋರ್ಸು."

ಒಪ್ಪಬೇಕು, ಒಳ್ಳೆಯ ವಾದ. ಸ್ಪರ್ಧೆಯಲ್ಲಾಗಿದ್ದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. "ಎರಡೂ ಖರೆ ಸರ್. ಅದರಿಂದ ಅವರು ತಗೊಳ್ಳೋ ತೀರ್ಮಾನ ಸುಳ್ಳು. ಸಭಾದಾಗ ಆ ಹೆಣ್ಮಗಳ ನೂಲು ನಿಲ್ಲಿಸ್ತಾರ."

"ಅದು ಅವರ ಸಂಘದ ವಿಚಾರ. ನಮ್ಮ ಕೆಲಸ ಎಣಿಸೂದು."

"ಅಂಗಡ್ಯಾಂವನ್ನ ಗಿರಾಕಿ ಅಂತ ಎಣಿಸೂದು ನಮ್ಮ ಕೆಲಸ ಅಲ್ಲಲ್ರಿ."

ಅವರು ಕಪಾಟಿಗೆ ಬೀಗ ಹಾಕಿದರು. ಈ ಸಂಘ ಮೆಚ್ಚಿದರೆ ಇನ್ನೆರಡು ಸಂಘಗಳ ಕೆಲಸ ಸಿಗುವುದಿತ್ತು. ಅದು ನನಗೂ ಗೊತ್ತಿತ್ತು. ಕೊನೆಗೆ, "ಮಾಡು. ಅಕೌಂಟು ಹೋತಂದ್ರ ನಿನ್ನ ಕುರ್ಚಿನೂ ಹೋತು ಅಂತ ತಿಳ್ಕೊ" ಎಂದರು.

ಈಗ ನೀವು ನಿಮ್ಮ ಸ್ವಂತ ಭೇಟಿಗಳನ್ನು ಬಿಟ್ಟು ಎಣಿಸಲು ಒಂದು ಚೌಕಕ್ಕೆ ಗುರುತು ಹಾಕುತ್ತೀರಿ. ಆಗ ಅಂಗಡಿಗಳದು ಡಯಲ್ ಮಾಡಿ ಹಿಡಿಯುವ ಸಂಪರ್ಕ. ಪ್ರತಿ ಸಲವೂ ಅದರ ವಿಳಾಸ ಬದಲಾಗುತ್ತಿತ್ತು, ವಿಳಾಸ ನೋಡಿ ಬಿಡಲು ಬರುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಸೈಟಿನಲ್ಲಿ ಯಾರಿಗೂ ಕಾಣದ ಒಂದು ಗುಟ್ಟಿನ ಪುಟ ಮಾಡಿ, ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲೂ ನಾನೇ ಹೋಗಿ ಅದನ್ನು ಒಮ್ಮೆ ತೆರೆಯಬೇಕು. ಆಗ ಆ ಕಂಪ್ಯೂಟರಿಗೆ 'ಎಣಿಸಬೇಡ' ಎಂಬ ಗುರುತು ಬೀಳುತ್ತದೆ. ಕಾರಣ ಹೇಳದೆ ಗುಟ್ಟಾಗಿ ಮಾಡಬಹುದಿತ್ತು. ಆದರೆ ಮುಂದೆ ಸಭೆಯಲ್ಲಿ ಲೆಕ್ಕ ಕುಸಿದಾಗ ಏನೆಂದು ಹೇಳುವುದು? ಹೇಳಿಯೇ ಮಾಡಿದೆ. ಮೊದಲ ಅಂಗಡಿಯಲ್ಲೇ, ಅಂದರೆ ಈರಣ್ಣನವರದರಲ್ಲೇ, ಗಲಾಟೆ.

"ನನ್ನ ಬೋಣಿ ಲೆಕ್ಕಕ್ಕ ಬರಂಗಿಲ್ಲ ಅಂತೀ? ಅಪಶಕುನ ಮಾತಾಡಬ್ಯಾಡ ಮುಂಜ್ಮುಂಜಾನೆ."

ಅಕ್ಕಪಕ್ಕದ ಅಂಗಡಿಯವರು ಬಂದು ಸುತ್ತುಗಟ್ಟಿದರು. "ನಮ್ಮ ಸೈಟಿನ್ಯಾಗ ನಾವ ಲೆಕ್ಕಕ್ಕಿಲ್ಲಾ?" ಎಂದು ಒಬ್ಬ. "ಬಾಗಲಕೋಟಿ ಮಂದಿ ನಮ್ಮನ್ನ ಬಿಟ್ಟು ಊಟಕ್ಕ ಕುಂಡ್ರೋರ ಬಿಡ್ರಿ" ಎಂದು ಇನ್ನೊಬ್ಬ.

ಚರ್ಚೆಯಲ್ಲಿ ಸಿಕ್ಕಿಬಿದ್ದಾಗ ಎದುರಾಳಿಯನ್ನೇ ಪ್ರಶ್ನೆ ಕೇಳಬೇಕು ಎಂಬುದನ್ನು ಕಲಿತಿದ್ದೆ. "ಸಾಹುಕಾರ್ರ, ಬೋಣಿ ಅಂದ್ರ ಏನ್ರಿ?"

"ಏನಂದ್ರ? ಮದಲ ಗಿರಾಕಿ ರೊಕ್ಕ ಕೈಗೆ ಬರೂದು."

"ಯಾರ ರೊಕ್ಕ? ನಿಮ್ಮ ಕಿಸೆದಾಗಿಂದ ತಗದು ನಿಮ್ಮ ಗಲ್ಲೇಕ್ಕ ಹಾಕಿದ್ರ ಬೋಣಿ ಆಗ್ತೈತ್ರಿ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಈರಣ್ಣನವರು ಅವರತ್ತ ತಿರುಗಿ, "ಯಾಂವಲೇ ಅಂವ ನಗಾಂವ? ನಿನ್ನ ಅಂಗಡ್ಯಾಗೇನು ಬ್ಯಾರೆ ನಡೀತೈತೇನು?" ಎಂದು ಗದರಿದರು. ಆಮೇಲೆ ನನಗೆ, "ವಕೀಲ್ತಿ ಅದೀ ನೀ. ಮಾಡು. ವಿಭೂತಿ ಮಾತ್ರ ಅಳಸಬ್ಯಾಡ" ಎಂದು ಕುರ್ಚಿ ಬಿಟ್ಟುಕೊಟ್ಟರು. ಅವರು ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು.

ಮುಂದಿನ ವಾರಗಳಲ್ಲಿ ಕೆಂಪು ಸೀರೆಯ ಗುಡ್ಡ ಸವೆದು ನೆಲಸಮವಾಯಿತು. ಅದೇ ಹೊತ್ತಿಗೆ ಕೊನೆಯ ಪುಟದ ಗೆರೆ ಮೆಲ್ಲಗೆ ಮೇಲೇರತೊಡಗಿತು. ಮಹಾದೇವಿಯ ಸೀರೆಯನ್ನು ಜನ ನೋಡುತ್ತಿದ್ದರು! ಅಬ್ಬಾ, ನನ್ನ ಹಿಗ್ಗೇ! ಸುಳ್ಳನ್ನು ತೆಗೆದರೆ ಸತ್ಯ ತಾನಾಗಿ ಮೇಲೆ ಬರುತ್ತದೆ ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ. ಗುರುಪಾದ ಸರ್ ಕೂಡ, "ಹೋಗ್ಲಿ, ಏನಾರ ಒಂದು ಏರಾಕತ್ತೈತಲ್ಲ" ಎಂದು ಸಮಾಧಾನಪಟ್ಟರು.

ಒಂದು ದಿನ ಆ ಗೆರೆ ಇದ್ದಕ್ಕಿದ್ದಂತೆ ಚಂಗನೆ ನೆಗೆದಿತ್ತು. ಮರುದಿನ ಮತ್ತೆ ಇಳಿದಿತ್ತು. ಯಾಕೆ? ಹಿಂದಕ್ಕೆ ಹೋಗಿ ನೋಡಿದರೆ ಹಿಂದಿನ ತಿಂಗಳಲ್ಲೂ ಹಾಗೇ ಒಂದು ದಿನದ ನೆಗೆತ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಎರಡು ದಿನಗಳ ಮೇಲೆ ಬೆರಳಿಟ್ಟೆ. ಎರಡರಲ್ಲೂ ಕಪ್ಪು ಚುಕ್ಕೆ. ಅಮಾವಾಸ್ಯೆ.

ಅಮಾವಾಸ್ಯೆಗೆ ನಮ್ಮ ನೇಕಾರರು ಮಗ್ಗ ಮುಟ್ಟುವುದಿಲ್ಲ. ಆ ದಿನ ಅವರಿಗೆ ಪುರುಸೊತ್ತು.

ಲೆಕ್ಕ ಸರಿಯಾಗಿಯೇ ಇರಲಿ ಎಂದು ಆ ಕ್ಷಣದಲ್ಲಿ ನಾನು ಎಷ್ಟು ಬಯಸಿದೆ ಎಂದರೆ, ಕ್ಯಾಲೆಂಡರು ಬಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ. ಬೇರೆ ಯಾರಾದರೂ ಹೇಳಿದ್ದರೆ 'ಆಧಾರವೇನು?' ಎಂದು ಕೇಳಿ ಬಾಯಿ ಮುಚ್ಚಿಸಬಹುದಿತ್ತು. ನನ್ನನ್ನು ನಾನೇ ಹೇಗೆ ಮುಚ್ಚಿಸಲಿ?

ಇಳಕಲ್ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯವನು ಕೇಳುವ ಮೊದಲೇ ಹೇಳಿದ. "ಅಮಾಸಿ ಬಂದ್ರ ನಮ್ಮಲ್ಲಿ ಸಂತಿನ ನೋಡ್ರಿ. ನೇಕಾರ ಓಣಿ ಹೆಣ್ಮಕ್ಕಳು ಕೂಸು-ಕುನ್ನಿ ಕಟಗೊಂಡು ಬರ್ತಾರ. ಮಾದೇವಕ್ಕನ ಸೀರಿ ತಗಿ ಅಂತಾರ, ನೋಡ್ತಾರ, ಎದ್ದು ಹೋಗ್ತಾರ, ಮತ್ತೊಬ್ಬಾಕಿ ಕುಂಡ್ರತಾಳ. ಒಬ್ಬಾಕಿ ಅಂತೂ ಪರದೆಕ್ಕ ಲಟಗಿ ಮುರದು ದೃಷ್ಟಿ ತಗದ್ಲು." ಹುನಗುಂದದ ಕೆಫೆಯಲ್ಲೂ ಅದೇ ಕಥೆ, ಅಲ್ಲಿ ಮಹಾದೇವಿಯ ತವರುಮನೆ ಇತ್ತು.

ಓಣಿಗೆ ಹೋಗಿ ಅವಳನ್ನು ಹೊರಗೆ ಕರೆದೆ. ಅವಳು ಏನನ್ನೂ ಅಲ್ಲಗಳೆಯಲಿಲ್ಲ.

"ಯಾರ ತಗದ್ರೂ ನಡೀತೈತಿ ಅಂದಾಕಿ ನೀನ."

"ಅಂದಿದ್ದೆ. ಆದ್ರ ಇವರು ಗಿರಾಕಿ ಅಲ್ಲಲ್ಲ ಮಾದೇವಕ್ಕಾ, ನಿನ್ನ ಮಂದಿ."

"ಅಂಗಡಿ ಮಂದಿ ತಮ್ಮ ಸೀರಿ ತಾವ ನೋಡ್ಕೊಂಡ್ರ ಬೋಣಿ. ನನ್ನ ಮಂದಿ ನನ್ನ ಸೀರಿ ನೋಡಿದ್ರ ಕಳ್ಳತನ ಏನವಾ?"

"ಅವರದನ್ನೂ ತಗದೇನಿ. ನೀನ ಕೇಳು ಹೋಗಿ."

"ತಗದಿ. ಭಾಳ ಚಲೋ ಆತು. ಈಗ ನಂದೂ ತಗೀತಿ." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗ ಗೆಲ್ಲೂದು ಬೇಕು. ನನಗ ನೂಲು ಬೇಕು. ಇಬ್ಬರದೂ ಒಂದ ಕೆಲಸ ಅಂತ ನಾ ತಿಳ್ಕೊಂಡಿದ್ದೆ."

ಹೀಗೆ ಯಾರೂ ನನ್ನನ್ನು ಸೋಲಿಸಿರಲಿಲ್ಲ. ಉತ್ತರವಿತ್ತು: ಒಂದು ಸುಳ್ಳಿನ ಬದಲು ಇನ್ನೊಂದು ಸುಳ್ಳನ್ನಿಟ್ಟರೆ, ನಾಳೆ ಯಾರದೋ ಓಣಿಯಲ್ಲಿ ಇನ್ನೂ ಹೆಚ್ಚು ಜನ ಇರುತ್ತಾರೆ, ಅವರ ಸೀರೆ ಗೆಲ್ಲುತ್ತದೆ. ಆದರೆ ಆ ಉತ್ತರವನ್ನು ಅವಳ ಮುಖ ನೋಡಿ ಹೇಳಲಾಗಲಿಲ್ಲ. ಎರಡೂ ಕೆಫೆಗಳಿಗೆ ಹೋದೆ. ಒಂದೊಂದು ಕಂಪ್ಯೂಟರಿನ ಮುಂದೆಯೂ ಕೂತು ಗುಟ್ಟಿನ ಪುಟ ತೆರೆದೆ. ಕೊನೆಯ ಕಂಪ್ಯೂಟರಿನ ಮುಂದೆ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಇದೊಂದನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೆಫೆಯವನು "ಕರೆಂಟ್ ಹೋಗೂ ಟೈಮಾತ್ರಿ" ಎಂದ. ತೆರೆದೆ.

ಸಭೆಯ ದಿನ ಬಸ್ಸಿನಲ್ಲಿ ಗುರುಪಾದ ಸರ್ ಮೆಲ್ಲಗೆ ಒಂದು ಮಾತು ಹೇಳಿದರು. ನಾವು ಹಾಕಿದ ಗುರುತು ಅಲ್ಲಿಂದ ಮುಂದಕ್ಕೆ ಮಾತ್ರ ಕೆಲಸ ಮಾಡುತ್ತದೆ, ಹಿಂದಿನ ಲೆಕ್ಕವನ್ನು ಮುಟ್ಟುವುದಿಲ್ಲ. ಹಾಗಾಗಿ ಹಳೆಯ ಗುಡ್ಡ ಹಾಗೆಯೇ ಇದೆ. "ಬರೇ ಅದನ್ನ ತೋರ್ಸು. ನಾವೂ ಉಳೀತೀವಿ."

ಸಂಘದ ಪಡಸಾಲೆಯಲ್ಲಿ ಪರದೆಯ ಸುತ್ತ ಎಲ್ಲ ಕೂತರು. ನಾನು ಹಿಂದಿನದು, ಇಂದಿನದು ಎರಡನ್ನೂ ತೋರಿಸಿದೆ. ಎಡಕ್ಕೆ ಗುಡ್ಡ, ಬಲಕ್ಕೆ ಬಯಲು.

"ಇದೇನವಾ, ನಮ್ಮ ವ್ಯಾಪಾರ ಹಿಂಗ ಬಿದ್ದು ಹೋತಲ್ಲ!" ಎಂದರು ಈರಣ್ಣನವರು.

"ಬಿದ್ದಿಲ್ರಿ. ಎದ್ದಿದ್ದ ಇಲ್ಲ. ಗುಡ್ಡ ನೀವು, ಬಯಲು ಗಿರಾಕಿ."

ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಹುಲ್ಲುಕಡ್ಡಿ. ಕೆಂಪು ಸೀರೆಗೂ ಬೆರಳೆಣಿಕೆ, ಕೊನೆಯ ಸೀರೆಗೂ ಬೆರಳೆಣಿಕೆ. ಮೂಲೆಯಿಂದ ಒಬ್ಬ ಸದಸ್ಯರು, "ಹಂಗಾರ ಮುಗೀತಲ್ಲ. ಕೊನೀದನ್ನ ಯಾರೂ ನೋಡಂಗಿಲ್ಲ. ನೂಲು ನಿಲ್ಲಸ್ರಿ" ಎಂದರು. ಹಲವು ತಲೆಗಳು ಅಲ್ಲಾಡಿದವು.

ಇಷ್ಟೆಲ್ಲ ಓಡಾಡಿ ನಾನು ತಂದದ್ದು ಇದನ್ನೇ ಏನು? ಎದ್ದು ನಿಂತೆ. "ಹಂಗಾರ ಮದಲನೇದನ್ನೂ ನಿಲ್ಲಸ್ರಿ. ಅದನ್ನೂ ಯಾರೂ ನೋಡಂಗಿಲ್ಲ."

"ಏ, ಅದು ಅಂಗಡ್ಯಾಗ ದಿನಾ ಹೋಗ್ತೈತಿ!"

"ಮತ್ತ ಅದಕ್ಕ ಅಂಗಡಿ ಲೆಕ್ಕ, ಇದಕ್ಕ ಕಂಪ್ಯೂಟರ್ ಲೆಕ್ಕ ಯಾಕ್ರಿ? ಇಷ್ಟು ಕಡಿಮಿ ಮಂದಿ ಬಂದಾಗ ಈ ಎಣಿಕಿಗೆ ಏನೂ ಹೇಳಾಕ ಬರಂಗಿಲ್ಲ. ಇದು ಬ್ಯಾಡ ಅಂತೂ ಅಲ್ಲ, ಬೇಕು ಅಂತೂ ಅಲ್ಲ."

ಈರಣ್ಣನವರು ಕನ್ನಡಕ ತೆಗೆದರು. "ಅಂದ್ರ ಇಷ್ಟು ದಿನ ಎಣಿಸಿ ನಿನಗ ಏನು ಗೊತ್ತಾತು?"

"ಇನ್ನಾ ಏನೂ ಗೊತ್ತಾಗಿಲ್ರಿ."

ಪಕ್ಕದಲ್ಲಿ ಗುರುಪಾದ ಸರ್ ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು. ಹಣ ತೆಗೆದುಕೊಂಡ ಕಚೇರಿಯವಳು ಹಣ ಕೊಟ್ಟವರ ಮುಂದೆ ನಿಂತು ಆಡಬಾರದ ಮಾತದು. ಈರಣ್ಣನವರು ಕನ್ನಡಕ ಒರೆಸಿ ಹಾಕಿಕೊಂಡು, "ನಮ್ಮಪ್ಪನ ಕಾಲದಾಗ ಯಾರು ನೋಡ್ತಾರ ಅಂತ ಎಣಿಸಿ ನೂಲು ಕೊಟ್ಟಿಲ್ಲ. ಏನೂ ಗೊತ್ತಿಲ್ದ ನಿಲ್ಲಸೂದೂ ಬ್ಯಾಡ. ದೀಪಾವಳಿ ತನಕ ನಡೀಲಿ. ಆಮ್ಯಾಲೆ ನೋಡೂಣು" ಎಂದರು. ಆಮೇಲೆ ಗುರುಪಾದ ಸರ್ ಕಡೆ ತಿರುಗಿ, "ಈ ಎಣಿಕಿ ಕೆಲಸ ಸಾಕ್ರಿ. ತಗದುಬಿಡ್ರಿ" ಎಂದರು.

ಅಕೌಂಟು ಹೋಯಿತು. ನನ್ನ ಕುರ್ಚಿ ಹೋಗಲಿಲ್ಲ; ಯಾಕೆ ಎಂದು ಸರ್ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತು ಅವರು ನನ್ನನ್ನು ಬಿಟ್ಟು ಮೊದಲ ಬಸ್ಸಿಗೆ ಹೊರಟರು. ನಾನು ನೇಕಾರ ಓಣಿಗೆ ಹೋದೆ.

ಮಹಾದೇವಿ ಬಾಗಿಲಲ್ಲೇ ಇದ್ದಳು. ಒಳಗೆ ಕರೆಯಲಿಲ್ಲ. "ದೀಪಾವಳಿ ತನಕ ನೂಲು ಕೊಡ್ತಾರಂತ. ಆಮ್ಯಾಲೆ ಮತ್ತ ನೋಡ್ತಾರಂತ" ಎಂದೆ. ಒಳಗೆ ಅವಳ ಗಂಡ ಗೋಡೆಗೊರಗಿ ಕೂತಿದ್ದ. ಶೆಡ್ಡಿನಲ್ಲಿ ಪವರ್‌ಲೂಮುಗಳ ನಡುವೆ ವರ್ಷಗಟ್ಟಲೆ ನಿಂತು ಅವನ ಕಿವಿ ಹೋಗಿದ್ದವು; ಅದು ಅವನು ಕೈಯನ್ನು ಕಿವಿಯ ಹಿಂದಿಟ್ಟು ಮುಂದಕ್ಕೆ ಬಾಗಿದಾಗಲೇ ನನಗೆ ಗೊತ್ತಾದದ್ದು.

"ಏನಂತ?" ಎಂದ.

ಅವಳು ಅವನ ಹತ್ತಿರ ಹೋಗಿ ಕಿವಿಗೆ ಬಾಯಿಟ್ಟು ಓಣಿಗೆಲ್ಲ ಕೇಳುವಂತೆ ಕೂಗಿದಳು. "ನೂಲು ಬರ್ತೈತಂತ!"

"ಎಲ್ಲೀತನಕ?"

ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳು. ಮತ್ತೆ ಅವನ ಕಿವಿಗೆ ಬಾಗಿ, ಮೊದಲಿಗಿಂತ ಜೋರಾಗಿ ಕೂಗಿದಳು.

"ಬರ್ತೈತಂತ!"